ಹರಿದರೆ ಕೂಡಿಕೊಳ್ಳುವ ಹಾಳೆ

ಒಣಬೇಸಾಯದ ಸೀಮೆಗಳಲ್ಲಿ ಮಳೆಯ ನೀರನ್ನು ಹೊಲದಲ್ಲಿಯೇ ತಡೆದು ನಿಲ್ಲಿಸಿ, ಪೈರು ಬಾಡುವ ಸಮಯದಲ್ಲಿ ಅದನ್ನು ಒದಗಿಸಿಕೊಳ್ಳುವುದು ಎಷ್ಟು ಅವಶ್ಯವೆಂಬುದನ್ನು ಗ್ರಾಮಗಳ ಮುಖ್ಯಸ್ಥರಿಗೂ ಹಿಡುವಳಿದಾರರಿಗೂ ವಿಸ್ತರಿಸಿ ಹೇಳಬೇಕಾದುದಿಲ್ಲ. ಕರ್ನಾಟಕದಲ್ಲಿ ೨೦೧೪ನೆಯ ಇಸವಿಯಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದ ಮೇಲೆ ಕೃಷಿಹೊಂಡಗಳು ಅನೇಕ ಗ್ರಾಮಗಳಲ್ಲಿ ಕಾಣಬರುತ್ತಿವೆ. ಕೆಂಪುಮಣ್ಣಿನ ನೆಲದಲ್ಲಿ ನೀರು ಬೇಗನೆ ಇಂಗಿಹೋಗುವುದರಿಂದ, ಹೊಂಡದ ತಳಕ್ಕೂ ಮಗ್ಗುಲುಗಳಿಗೂ ಪಾಲಿಥೀನ್ ಹಾಳೆಯನ್ನು ಹಾಸುವುದು ವಾಡಿಕೆಯಾಗಿದೆ.

ಹಾಳೆಯು ಸರಿಯಾಗಿರುವವರೆಗೆ ನೀರು ನಿಲ್ಲುತ್ತದೆ. ಆದರೆ ನೀರು ಕುಡಿಯಲಿಳಿದ ದನದ ಗೊರಸು, ಇಲಿಯ ಹಲ್ಲು, ಹಾಸುವಾಗ ಕೆಳಗೆ ಉಳಿದುಹೋದ ಒಂದು ಚೂಪುಗಲ್ಲು, ಇವುಗಳಲ್ಲಿ ಯಾವುದಾದರೊಂದು ಬೆರಳಗಲದ ತೂತನ್ನು ಮಾಡಿದರೂ ಸಾಕು. ಪಟ್ಟ ಶ್ರಮವು ನಿಷ್ಫಲವಾಗುವುದಕ್ಕೆ ಮೊದಲಾಗುತ್ತದೆ. ನೀರಿನ ಮೇಲ್ಮೈ ೨೦ ಮೀಟರ್ ಉದ್ದ, ೨೦ ಮೀಟರ್ ಅಗಲವಾಗಿರುವ ಹೊಂಡದಲ್ಲಿ ಸೋರಿಕೆಯ ದೆಸೆಯಿಂದ ನೀರು ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ಇಳಿದರೆ, ಹೋದ ನೀರು ೪,೦೦೦ ಲೀಟರು. ಮಳೆಯು ಕೈಕೊಟ್ಟ ಹತ್ತು ದಿವಸಗಳಲ್ಲಿ ಇದೇ ಲೆಕ್ಕದಂತೆ ಸುಮಾರು ೪೦,೦೦೦ ಲೀಟರು ನೆಲದ ಪಾಲಾಗುವುದು. ತೆನೆ ಕಟ್ಟುವ ಕಾಲದಲ್ಲಿ ಒಂದು ತುಂಡು ಹೊಲವನ್ನು ಉಳಿಸಬಹುದಾಗಿದ್ದ ನೀರು ಅದು.

ಹೀಗಿರುವಲ್ಲಿ, ಚರ್ಮಕ್ಕೆ ಆದ ಗಾಯವು ತಾನೇ ಮಾಯುವಂತೆ, ಹರಿದ ಹಾಳೆಯೂ ತಾನೇ ಕೂಡಿಕೊಂಡರೆ ಎಷ್ಟು ಉಪಕಾರವಾಗುವುದೆಂದು ಯಾರಿಗಾದರೂ ತೋರದಿರದು. ಅಂಥ ಗುಣವುಳ್ಳ ದ್ರವ್ಯಗಳು ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಗಳಲ್ಲಿ ತಯಾರಾಗಿವೆ. ಕೆಲವು ವ್ಯಾಪಾರಕ್ಕೂ ಬಂದಿವೆ. ಅವು ಯಾವ ತತ್ತ್ವದ ಮೇಲೆ ಕೆಲಸ ಮಾಡುತ್ತವೆ, ಅವುಗಳಿಂದ ಬೇಸಾಯಗಾರನು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ತಿಳಿದಿರುವುದು ಹಣ ಕೊಟ್ಟು ಸಾಮಾನು ಕೊಳ್ಳುವವರಿಗೆ ಹಿತಕರವು.

೧. ಹಸಿಮಣ್ಣಿನ ಜಾತಿ, ಸುಟ್ಟ ಮಡಕೆಯ ಜಾತಿ

ಪಾಲಿಥೀನ್, ರಬ್ಬರು, ಬೇಕಲೈಟು ಮೊದಲಾದುವೆಲ್ಲ ಪಾಲಿಮರುಗಳೆಂಬ ಒಂದೇ ದೊಡ್ಡ ಕುಲಕ್ಕೆ ಸೇರಿದವು. ಸಣ್ಣ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ನೀಳವಾದ ಸರಪಳಿಯಂತಾಗಿರುವುದೇ ಇವುಗಳ ಲಕ್ಷಣ. ಜರ್ಮನಿ ದೇಶದ ಹೆರ್ಮನ್ ಸ್ಟೌಡಿಂಗರ್ ಎಂಬ ವಿದ್ವಾಂಸರು ೧೯೨೦ರಲ್ಲಿ ಈ ವಿಷಯವನ್ನು ಪ್ರತಿಪಾದಿಸಿದಾಗ ಅನೇಕರು ನಂಬಲಿಲ್ಲ. ಮುಂದೆ ಅದೇ ಕಾರ್ಯಕ್ಕಾಗಿ ಅವರಿಗೆ ೧೯೫೩ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಈ ಸರಪಳಿಗಳು ಒಂದರ ಪಕ್ಕದಲ್ಲೊಂದು ಬರಿದೆ ಹೆಣೆದುಕೊಂಡು ಮಲಗಿದ್ದರೆ, ಕಾಯಿಸಿದಾಗ ಜಾರಾಡತೊಡಗಿ ದ್ರವ್ಯವು ಮೆತ್ತಗಾಗಿ ಕರಗುತ್ತದೆ. ತಣಿದಾಗ ಮತ್ತೆ ಗಟ್ಟಿಯಾಗುತ್ತದೆ. ೧೯೩೩ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ದೊರೆತ ಪಾಲಿಥೀನ್ ಈ ಬಗೆಯದು. ಇದನ್ನು ಕುಂಬಾರನ ಹಸಿಮಣ್ಣಿಗೆ ಹೋಲಿಸಬಹುದು. ಹಸಿಯ ಮಡಕೆಯು ಕೆಟ್ಟರೆ ಮಣ್ಣನ್ನು ಪುನಃ ಕಲಸಿ ತಿಗರಿಯ ಮೇಲಿಡಬಹುದಷ್ಟೆ. ಹಾಗೆಯೇ ಪಾಲಿಥೀನ್ ಹಾಳೆಯ ತೂತಿಗೆ ಅದೇ ಜಾತಿಯ ತೇಪೆಯನ್ನಿಟ್ಟು ಹದವಾದ ಶಾಖದಿಂದ ಬೆಸೆಯಬಹುದು.

ಸರಪಳಿ ಸರಪಳಿಗಳ ನಡುವೆ ಅಲ್ಲಲ್ಲಿ ಗಟ್ಟಿಯಾದ ಅಡ್ಡಬಂಧಗಳು ಬಿದ್ದರೆ ಸ್ಥಿತಿಯು ಬೇರೆಯಾಗುತ್ತದೆ. ಮರದ ಹಾಲಿನಿಂದ ಮಾಡಿದ ರಬ್ಬರು ಬಿಸಿಲಿಗೆ ಅಂಟಾಗಿಯೂ ಚಳಿಗೆ ಪೆಡಸಾಗಿಯೂ ಕೆಡುತ್ತಿತ್ತು. ಅದಕ್ಕೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಆ ದೋಷವು ಹೋಗುವುದೆಂಬುದನ್ನು ಅಮೆರಿಕೆಯ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಕಂಡರು. ಗಂಧಕವು ಸರಪಳಿಗಳಿಗೆ ಅಡ್ಡವಾಗಿ ಬಿದ್ದು ಅವನ್ನು ಒಂದೇ ಬಲೆಯನ್ನಾಗಿ ಕಟ್ಟುವುದೇ ಅದರ ಕಾರಣ. ೧೯೦೭ರಲ್ಲಿ ಲಿಯೊ ಬೇಕಲೆಂಡ್ ಎಂಬವರು ಕಂಡುಹಿಡಿದ ಬೇಕಲೈಟೂ ಇಂಥದೇ. ಇವು ಸುಟ್ಟ ಮಡಕೆಯ ಜಾತಿಯವು. ಬಲವುಂಟು, ಶಾಖಕ್ಕೆ ಕರಗುವುದಿಲ್ಲ. ಆದರೆ ಒಡೆದ ಮಡಕೆಯ ಹಂಚನ್ನು ಹೇಗೆ ಪುನಃ ತಿಗರಿಗೆ ಏರಿಸಲಾಗದೋ ಹಾಗೆಯೇ ಸವೆದ ಟೈರನ್ನು ಕರಗಿಸಿ ಹೊಸ ಟೈರನ್ನು ಎರಕ ಹೊಯ್ಯಲಾಗದು. ಊರೂರುಗಳ ಹಿತ್ತಲಿನಲ್ಲಿ ಹಳೆಯ ಟೈರುಗಳು ರಾಶಿಬಿದ್ದಿರುವುದಕ್ಕೆ ಇದೇ ಮೂಲಕಾರಣವು.

ಹೀಗೆ, ಬಲವು ಬೇಕೆಂದರೆ ದುರಸ್ತಿಯನ್ನು ಬಿಡಬೇಕು. ದುರಸ್ತಿಯು ಬೇಕೆಂದರೆ ಬಲದಲ್ಲಿ ಸ್ವಲ್ಪವನ್ನು ಬಿಡಬೇಕು ಎಂಬ ನಿರ್ಬಂಧವು ಬಹುಕಾಲ ನಡೆದುಬಂದಿತು.

೨. ಆಕಾರವನ್ನು ನೆನಪಿಡುವ ಗುಣ

ಕೊಳವೆಬಾವಿಯಲ್ಲಿ ಮುಳುಗಿರುವ ಪಂಪಿನ ತಂತಿಗಳನ್ನು ಜೋಡಿಸುವಾಗ, ಜೋಡಣೆಯ ಮೇಲೆ ಕರಿಯ ಕೊಳವೆಯೊಂದನ್ನು ತೊಡಿಸಿ ಕಾಯಿಸುವುದನ್ನು ಅನೇಕ ಜಮೀನುದಾರರು ನೋಡಿರುವರು. ಪಂಪು ದುರಸ್ತಿಯವರು ಇದನ್ನು ಹೀಟ್ ಶ್ರಿಂಕ್ ಸ್ಲೀವ್ ಎನ್ನುತ್ತಾರೆ. ಶಾಖವು ತಗುಲಿದೊಡನೆ ಅದು ಕುಗ್ಗಿ ತಂತಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿದಾಗ ಅದು ತಣಿಯುತ್ತ ಬಿಗಿಯುವುದು. ಇಲ್ಲಿಯಾದರೋ ಕಾಯುತ್ತಲೇ ಬಿಗಿಯುವುದು. ಈ ವಿಪರೀತಕ್ಕೆ ಕಾರಣವೇನೆಂಬುದನ್ನು ವಿಚಾರಿಸತಕ್ಕುದು.

ಪಾಲಿಥೀನಿನ ಮೇಲೆ ಪ್ರಬಲವಾದ ಕಿರಣಗಳನ್ನು ಹಾಯಿಸಿದರೆ ಅದರ ಸರಪಳಿಗಳ ನಡುವೆ ಅಡ್ಡಬಂಧಗಳು ಬೀಳುವುವೆಂಬುದನ್ನು ಆರ್ಥರ್ ಚಾರ್ಲ್ಸ್‌ಬಿ ಎಂಬ ಆಂಗ್ಲ ವಿಜ್ಞಾನಿಯು ೧೯೫೨ರಲ್ಲಿ ಪ್ರಕಟಿಸಿದರು. ಹೀಗೆ ಬಂಧಗಳನ್ನು ಪಡೆದ ಸಣ್ಣ ಕೊಳವೆಯನ್ನು ಕಾಯಿಸಿ, ಹಿಗ್ಗಿಸಿ, ಹಿಗ್ಗಿದ ಸ್ಥಿತಿಯಲ್ಲಿಯೇ ತಣಿಸುತ್ತಾರೆ. ತಣಿದಾಗ ಸರಪಳಿಗಳ ಭಾಗಗಳು ಹರಳುಗಟ್ಟಿ, ಹಿಗ್ಗಿದ ಆಕಾರವನ್ನು ತಡೆದು ಹಿಡಿಯುತ್ತವೆ. ಅಡ್ಡಬಂಧಗಳಾದರೋ ಮೊದಲಿನ ಸಣ್ಣ ಆಕಾರಕ್ಕೆ ಎಳೆಯುತ್ತಲೇ ಇರುತ್ತವೆ. ಪುನಃ ಕಾಯಿಸಿದಾಗ ಹರಳುಗಳು ಕರಗಿ ತಡೆಯು ತಪ್ಪುವುದರಿಂದ ಕೊಳವೆಯು ತನ್ನ ಮೊದಲಿನ ಅಳತೆಗೆ ಮರಳುವುದು. ಇದಕ್ಕೆ ಆಕಾರಸ್ಮರಣೆ ಎಂದು ಹೆಸರು. ನೆನಪಿಡುವುದು ಅಡ್ಡಬಂಧ, ತಾತ್ಕಾಲಿಕವಾಗಿ ಮರೆಯಿಸುವುದು ಹರಳು.

ಆದರೆ ಈ ಸ್ಲೀವು ಹರಿದರೆ ಕೂಡುವುದಿಲ್ಲ. ಅದರ ಬಂಧಗಳು ಸುಟ್ಟ ಮಡಕೆಯವುಗಳಂತೆ ಶಾಶ್ವತವಾದವು. ಮೇಣವನ್ನು ನೋಡಿದರೆ, ಅದು ಕಾಯಿಸಿದಾಗ ಕೂಡಿಕೊಳ್ಳುವುದು, ಆದರೆ ಆಕಾರವನ್ನು ನೆನೆಯದು. ನೆನೆಯುವ ಗುಣವನ್ನೂ ಕೂಡುವ ಗುಣವನ್ನೂ ಒಂದೇ ದ್ರವ್ಯದಲ್ಲಿ ತರುವುದು ಸಾಧ್ಯವೇ ಎಂಬುದೇ ಮುಂದಿನ ಪ್ರಶ್ನೆಯಾಯಿತು.

೩. ಬಿಚ್ಚಿ ಕೂಡುವ ಬಂಧಗಳು

ತಾನೇ ಕೂಡಿಕೊಳ್ಳುವ ದ್ರವ್ಯವನ್ನು ಮಾಡಲು ಮೊದಲು ಹೊಳೆದ ಉಪಾಯವು ಔಷಧವನ್ನು ಒಳಗೆ ಅಡಗಿಸಿಡುವುದು. ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಕಾಟ್ ವೈಟ್ ಮತ್ತು ಅವರ ಸಂಗಡಿಗರು ೨೦೦೧ರಲ್ಲಿ ಒಂದು ರಾಳದೊಳಗೆ ಬಹು ಸಣ್ಣ ಗುಳಿಗೆಗಳನ್ನು ಬೆರೆಸಿ ತೋರಿಸಿದರು. ಬಿರುಕು ಬಿಟ್ಟಾಗ ಗುಳಿಗೆಯು ಒಡೆದು ಒಳಗಿನ ದ್ರವವು ಹರಿದು, ಬಿರುಕಿನಲ್ಲಿ ಗಟ್ಟಿಯಾಗುತ್ತದೆ. ಇದು ಜಾಣತನದ ಕೆಲಸವಾದರೂ, ಒಮ್ಮೆ ಬರಿದಾದ ಗುಳಿಗೆಯು ಪುನಃ ತುಂಬುವುದಿಲ್ಲವಾದುದರಿಂದ ಅದೇ ಸ್ಥಳದಲ್ಲಿ ಎರಡನೆಯ ಸಾರಿ ಬಿರುಕಾದರೆ ಔಷಧವಿಲ್ಲ.

ಇನ್ನೊಂದು ಉಪಾಯವು ಬಂಧದ ಸ್ವಭಾವವನ್ನೇ ಬದಲಿಸುವುದು. ಗಾಡಿಯ ಕಬ್ಬಿಣದ ಮೊಳೆಯನ್ನು ಕಿತ್ತರೆ ಮರವು ಸೀಳುತ್ತದೆ. ಎತ್ತನ್ನು ನೊಗಕ್ಕೆ ಕಟ್ಟುವ ಹಗ್ಗದ ಗಂಟನ್ನಾದರೋ ಸಂಜೆ ಬಿಚ್ಚಿ ಬೆಳಗ್ಗೆ ಕಟ್ಟಬಹುದು, ಹಗ್ಗಕ್ಕೂ ಹಾನಿಯಿಲ್ಲ, ನೊಗಕ್ಕೂ ಹಾನಿಯಿಲ್ಲ. ಅಡ್ಡಬಂಧಗಳು ಮೊಳೆಗಳಾಗದೆ ಗಂಟುಗಳಾದರೆ, ದ್ರವ್ಯವು ಕೆಲಸದ ಹೊತ್ತಿನಲ್ಲಿ ಸುಟ್ಟ ಮಡಕೆಯಂತೆ ಬಲವಾಗಿದ್ದು, ದುರಸ್ತಿಯ ಹೊತ್ತಿನಲ್ಲಿ ಹಸಿಮಣ್ಣಿನಂತೆ ಮಣಿಯುವುದು. ಇಂಥ ಬಂಧಗಳಲ್ಲಿ ಮೂರು ಬಗೆಗಳನ್ನು ತಿಳಿದರೆ ವಿಷಯವು ಸ್ಪಷ್ಟವಾಗುವುದು.

ಮೊದಲನೆಯದು, ಶಾಖಕ್ಕೆ ಬಿಚ್ಚಿ ತಂಪಿಗೆ ಕಟ್ಟಿಕೊಳ್ಳುವ ಬಂಧ. ಓಟೊ ಡೀಲ್ಸ್, ಕರ್ಟ್ ಆಲ್ಡರ್ ಎಂಬ ಗುರುಶಿಷ್ಯರು ೧೯೨೮ರಲ್ಲಿ ವಿವರಿಸಿದ ಒಂದು ರಾಸಾಯನಿಕ ಕ್ರಿಯೆಯೇ ಇದಕ್ಕೆ ಆಧಾರ. ಅವರಿಗೆ ೧೯೫೦ರಲ್ಲಿ ನೊಬೆಲ್ ಬಹುಮಾನವು ಬಂದಿತು. ಫ್ಯುರಾನ್ ಮತ್ತು ಮ್ಯಾಲೀಮೈಡ್ ಎಂಬ ಎರಡು ಅಣುಗುಂಪುಗಳು ಈ ಕ್ರಿಯೆಯಿಂದ ಕೈಹಿಡಿಯುತ್ತವೆ. ಸುಮಾರು ೧೨೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಅವುಗಳಲ್ಲಿ ಕೆಲವು ಕೈಬಿಡುತ್ತವೆ. ತಣಿದಾಗ ಮತ್ತೆ ಹಿಡಿಯುತ್ತವೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚೆನ್, ಫ್ರೆಡ್ ವುಡ್ಲ್ ಮೊದಲಾದವರು ಇದನ್ನೇ ಉಪಯೋಗಿಸಿ ೨೦೦೨ರಲ್ಲಿ ಗಟ್ಟಿಯಾದ ಪಾರದರ್ಶಕ ದ್ರವ್ಯವನ್ನು ಮಾಡಿದರು. ಅದನ್ನು ಒಡೆದು, ತುಂಡುಗಳನ್ನು ಹೊಂದಿಸಿ ಕಾಯಿಸಿ ತಣಿಸಿದಾಗ, ಹೊರಗಿನಿಂದ ಯಾವ ಅಂಟನ್ನೂ ಹಾಕದೆ, ಮೊದಲಿನ ಬಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗವು ಮರಳಿ ಬಂದಿತು. ಇಲ್ಲಿ ಗುಳಿಗೆಯಂತೆ ತೀರಿಹೋಗುವ ಔಷಧವಿಲ್ಲವಾದುದರಿಂದ ಒಂದೇ ಸ್ಥಳವನ್ನು ಹಲವು ಸಾರಿ ಕೂಡಿಸಬಹುದು.

ಎರಡನೆಯದು, ಶಾಖದ ಅಗತ್ಯವೇ ಇಲ್ಲದೆ ಕೂಡುವ ದುರ್ಬಲ ಬಂಧ. ನೀರಿನ ಅಣುಗಳನ್ನು ಪರಸ್ಪರ ಹಿಡಿದಿಡುವ ಜಲಜನಕ ಬಂಧವೇ ಇದು. ಪ್ಯಾರಿಸ್ ನಗರದ ಲುಡ್ವಿಕ್ ಲೈಬ್ಲರ್ ಮತ್ತು ಅವರ ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ರಬ್ಬರು ಇಂಥ ಬಂಧಗಳಿಂದಲೇ ಕಟ್ಟಲ್ಪಟ್ಟಿತ್ತು. ಅದನ್ನು ಮಾಡಲು ಬಳಸಿದ ವಸ್ತುಗಳನ್ನು ಕೇಳಿದರೆ ಬೇಸಾಯಗಾರನಿಗೆ ಆಶ್ಚರ್ಯವಾಗಬಹುದು: ಸಸ್ಯದ ಎಣ್ಣೆಗಳಿಂದ ಬಂದ ಆಮ್ಲಗಳು, ಸಾರಜನಕವುಳ್ಳ ಒಂದು ದ್ರವ್ಯ, ಮತ್ತು ಹೊಲಕ್ಕೆ ಗೊಬ್ಬರವಾಗಿ ಹಾಕುವ ಯೂರಿಯ. ಈ ರಬ್ಬರನ್ನು ಕೊಯ್ದು, ಕೊಯ್ದ ಮುಖಗಳನ್ನು ಒತ್ತಿ ಹಿಡಿದರೆ, ಸಾಧಾರಣ ಹವೆಯಲ್ಲಿಯೇ ಅವು ಕೂಡಿಕೊಳ್ಳುತ್ತವೆ. ಹೆಚ್ಚು ಹೊತ್ತು ಹಿಡಿದಷ್ಟೂ ಬಲವು ಹೆಚ್ಚುತ್ತದೆ.

ಮೂರನೆಯದು, ಬಿಚ್ಚಿ ಬಿಡದೆ ಜೊತೆಯನ್ನು ಬದಲಿಸುವ ಬಂಧ. ಕೋಲಾಟದಲ್ಲಿ ಪ್ರತಿಯೊಬ್ಬನೂ ಹೆಜ್ಜೆಹೆಜ್ಜೆಗೆ ಜೊತೆಗಾರನನ್ನು ಬದಲಿಸಿದರೂ ಆಟದ ಸುತ್ತು ಮುರಿಯುವುದಿಲ್ಲ. ಅದರಂತೆ ಬಂಧಗಳ ಒಟ್ಟು ಸಂಖ್ಯೆಯು ಕಡಮೆಯಾಗದೆ ಜೊತೆಗಳು ಮಾತ್ರ ಬದಲಾಗುವ ರಾಳಗಳನ್ನು ಅದೇ ಲೈಬ್ಲರ್ ಅವರ ತಂಡವು ೨೦೧೧ರಲ್ಲಿ ಪ್ರಕಟಿಸಿತು. ಬಳೆಗಾರನ ಗಾಜಿನಂತೆ ಇವು ಶಾಖಕ್ಕೆ ನಿಧಾನವಾಗಿ ಮಣಿಯುತ್ತವೆ, ನೀರಿನಂತೆ ಹರಿದುಹೋಗುವುದಿಲ್ಲ. ಆದಕಾರಣ ಇವುಗಳಿಗೆ ಗಾಜನ್ನು ಸೂಚಿಸುವ ವಿಟ್ರಿಮರ್ ಎಂಬ ಹೆಸರನ್ನಿಟ್ಟಿರುವರು.

೪. ಕಸಿಯ ನ್ಯಾಯ

ಬಂಧಗಳು ಬಿಚ್ಚಿ ಕೂಡುವುವಾದರೂ, ಸೀಳಿನ ಎರಡು ತುಟಿಗಳು ದೂರವಿದ್ದರೆ ಪ್ರಯೋಜನವಿಲ್ಲ. ಮಾವಿನ ಕಸಿಯನ್ನು ಕಟ್ಟಿದವರಿಗೆ ಇದು ತಾನಾಗಿಯೇ ತಿಳಿಯುವುದು. ಬೇರುಗಿಡದ ಕೊಯ್ತಕ್ಕೂ ಕಸಿಕಡ್ಡಿಯ ಕೊಯ್ತಕ್ಕೂ ಸಂದು ಉಳಿದರೆ ಕಸಿಯು ಹಿಡಿಯದು. ಆದುದರಿಂದಲೇ ಪಟ್ಟಿಯಿಂದ ಬಿಗಿಯಾಗಿ ಸುತ್ತುವರು. ಕೊಯ್ದ ಮುಖವು ಒಣಗಿದರೂ ಹಿಡಿಯದು. ಆದುದರಿಂದಲೇ ಕೊಯ್ದೊಡನೆ ಕೂಡಿಸುವರು. ಲೈಬ್ಲರ್ ಅವರ ರಬ್ಬರಿನಲ್ಲಿಯೂ ಇದೇ ನ್ಯಾಯ. ಕೊಯ್ದ ಮುಖಗಳನ್ನು ಬೇರೆಬೇರೆಯಾಗಿ ಬಹುಹೊತ್ತು ಬಿಟ್ಟರೆ, ಬಿಡಿಯಾದ ಬಂಧಗಳು ತಮ್ಮ ತಮ್ಮ ಕಡೆಯಲ್ಲಿಯೇ ಜೊತೆಯನ್ನು ಹುಡುಕಿಕೊಂಡುಬಿಡುವುದರಿಂದ ಕೂಡುವ ಶಕ್ತಿಯು ಕುಂದುವುದು.

ಪ್ರಯೋಗಶಾಲೆಯಲ್ಲಿ ತುಟಿಗಳನ್ನು ಒತ್ತಿ ಹಿಡಿಯುವುದಕ್ಕೆ ಕೈಯುಂಟು. ಎರಡು ಆಳು ಆಳದ ಹೊಂಡದ ತಳದಲ್ಲಿ ಒತ್ತುವವರಾರು? ಇಲ್ಲಿಯೇ ಆಕಾರಸ್ಮರಣೆಯು ಉಪಯೋಗಕ್ಕೆ ಬರುವುದು. ದ್ರವ್ಯವು ತನ್ನ ಮೊದಲಿನ ಆಕಾರವನ್ನು ನೆನೆಯುವುದಾದರೆ, ಕಾಯಿಸಿದಾಗ ಜಗ್ಗಿದ ಭಾಗವು ಹಿಂದಕ್ಕೆ ಎಳೆದುಕೊಂಡು, ಬಾಯಿಬಿಟ್ಟ ಸೀಳು ತಾನೇ ಮುಚ್ಚುವುದು. ಬಳಿಕ ಬಂಧಗಳು ಬೆಸೆಯುವುವು. ಮುಚ್ಚುವುದು ಮೊದಲು, ಬೆಸೆಯುವುದು ಆಮೇಲೆ. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯದ ಗುವೊಚಿಯಾಂಗ್ ಲೀ ಎಂಬವರು ಈ ಕ್ರಮವನ್ನೇ ತಮ್ಮ ಸಂಶೋಧನೆಗೆ ಸೂತ್ರವಾಗಿಟ್ಟುಕೊಂಡರು.

ಸಿರಕ್ಯೂಸ್ ವಿಶ್ವವಿದ್ಯಾನಿಲಯದ ಪ್ಯಾಟ್ರಿಕ್ ಮೇದರ್ ಅವರ ತಂಡವು ೨೦೧೧ರಲ್ಲಿ, ಸುಮಾರು ೬೦ ಡಿಗ್ರಿಯಲ್ಲಿ ಕರಗುವ ಒಂದು ಪಾಲಿಮರಿನಲ್ಲಿ ಅಡ್ಡಬಂಧಗಳ ಬಲೆಯನ್ನೂ ಬಿಡಿಯಾದ ಸರಪಳಿಗಳನ್ನೂ ಒಟ್ಟಿಗೆ ಹೆಣೆದು, ಬಲೆಯು ಸೀಳನ್ನು ಮುಚ್ಚುವಂತೆಯೂ ಸರಪಳಿಗಳು ನುಸುಳಿ ಸೀಳನ್ನು ಹೊಲಿಯುವಂತೆಯೂ ಮಾಡಿತು. ಅಲ್ಲಿ ಹೊಲಿಗೆಯು ಬರಿಯ ಹೆಣೆಗೆಯಿಂದಾದುದು. ೨೦೧೪ರಲ್ಲಿ ಹಿಯೋ, ಸೊಡಾನೊ ಎಂಬ ಇಬ್ಬರು ಡೀಲ್ಸ್‌ ಆಲ್ಡರ್ ಬಂಧಗಳುಳ್ಳ ಪಾಲಿಯುರಿಥೇನ್ ದ್ರವ್ಯಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಆಕಾರಸ್ಮರಣೆಯು ಬಿರುಕನ್ನು ಮುಚ್ಚುವುದು, ಬಿಚ್ಚಿ ಕೂಡುವ ಬಂಧವು ಅದನ್ನು ಬೆಸೆಯುವುದು. ನೆನೆಯುವ ಗುಣವೂ ಕೂಡುವ ಗುಣವೂ ಹೀಗೆ ಒಂದೇ ದ್ರವ್ಯದಲ್ಲಿ ನೆಲೆಸಿದವು.

೫. ತೌಡಿನಿಂದ ಬಂದ ಹೆಸರು

ಮೇಲೆ ಹೇಳಿದ ಫ್ಯುರಾನ್ ಗುಂಪಿನ ಮೂಲವು ಬೇಸಾಯಗಾರನ ಕಣದಲ್ಲಿಯೇ ಇದೆಯೆಂಬುದು ಗಮನಾರ್ಹವು. ಫರ್ಫುರಾಲ್ ಎಂಬ ದ್ರವದಿಂದ ಫ್ಯುರಾನ್ ಜಾತಿಯ ವಸ್ತುಗಳನ್ನು ತಯಾರಿಸುವರು. ಈ ಹೆಸರು ಲ್ಯಾಟಿನ್ ಭಾಷೆಯಲ್ಲಿ ತೌಡು ಎಂಬರ್ಥವುಳ್ಳ ಶಬ್ದದಿಂದ ಬಂದುದು. ಜರ್ಮನಿಯ ಡೋಬರೈನರ್ ಎಂಬವರಿಗೆ ೧೮೨೧ರಲ್ಲಿ ಇದು ಅತ್ಯಲ್ಪವಾಗಿ ದೊರೆಯಿತು. ಧಾನ್ಯದ ಹೊಟ್ಟು, ಮುಸುಕಿನ ಜೋಳದ ದಿಂಡು, ಕಬ್ಬಿನ ಸಿಪ್ಪೆ ಮೊದಲಾದುವನ್ನು ಆಮ್ಲದೊಡನೆ ಹಬೆಯಲ್ಲಿ ಬೇಯಿಸಿದರೆ ಅವುಗಳಲ್ಲಿರುವ ಒಂದು ಬಗೆಯ ಸಕ್ಕರೆಯ ಅಂಶವು ಫರ್ಫುರಾಲಾಗಿ ಮಾರ್ಪಡುವುದು. ಅಮೆರಿಕೆಯ ಕ್ವೇಕರ್ ಓಟ್ಸ್ ಕಂಪೆನಿಯು ತನ್ನಲ್ಲಿ ರಾಶಿಬೀಳುತ್ತಿದ್ದ ಓಟ್ಸ್ ಧಾನ್ಯದ ಹೊಟ್ಟಿನಿಂದ ೧೯೨೨ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲಾರಂಭಿಸಿತು. ಈಗ ಚೀನಾ ದೇಶವು ಜೋಳದ ದಿಂಡಿನಿಂದ ಇದನ್ನು ಬಹಳವಾಗಿ ತಯಾರಿಸುತ್ತದೆ. ಕಲ್ಲೆಣ್ಣೆಯನ್ನೇ ಆಶ್ರಯಿಸದೆ ಹೊಲದ ಉಳಿಕೆಯಿಂದ ಇಂಥ ದ್ರವ್ಯಗಳಿಗೆ ಒಂದು ಭಾಗವಾದರೂ ಒದಗುವುದೆಂಬುದು ಮುಂದಿನ ದಿನಗಳಲ್ಲಿ ಜೋಳವನ್ನೂ ಕಬ್ಬನ್ನೂ ಬೆಳೆಯುವವರಿಗೆ ಸಂಬಂಧಪಟ್ಟ ಸಂಗತಿಯೇ ಸರಿ.

೬. ಕೂಡದಿರುವುದು ಯಾವುದು?

ಇಷ್ಟನ್ನು ಓದಿದವರು, ಇನ್ನು ಮುಂದೆ ಹಾಳೆಯನ್ನು ಕಾಯುವ ತೊಂದರೆಯಿಲ್ಲವೆಂದು ತಿಳಿದರೆ ತಪ್ಪಾಗುವುದು. ಈ ದ್ರವ್ಯಗಳಿಗೆ ಮಿತಿಗಳುಂಟು.

ಒಂದನೆಯದು, ಬಿಸಿಲಿನ ಹಾನಿ. ಹೊಂಡದ ಅಂಚಿನಲ್ಲಿ ಬಿಸಿಲಿಗೆ ತೆರೆದಿರುವ ಹಾಳೆಯು ಕೆಲವು ವರ್ಷಗಳಲ್ಲಿ ಪೆಡಸಾಗಿ ಪುಡಿಪುಡಿಯಾಗುವುದನ್ನು ನೋಡಬಹುದು. ಅಲ್ಲಿ ತುಂಡಾದುದು ಬಿಚ್ಚಿ ಕೂಡುವ ಗಂಟಲ್ಲ, ಸರಪಳಿಯೇ. ಹಗ್ಗವೇ ಲಡ್ಡಾದ ಮೇಲೆ ಗಂಟನ್ನು ಎಷ್ಟು ಸಾರಿ ಬಿಗಿದರೂ ಫಲವಿಲ್ಲ. ಬಿಚ್ಚಿ ಕೂಡುವ ಬಂಧವು ಸೀಳನ್ನು ವಾಸಿಮಾಡಬಲ್ಲುದೇ ಹೊರತು ಮುಪ್ಪನ್ನು ವಾಸಿಮಾಡಲಾರದು.

ಎರಡನೆಯದು, ಶಾಖದ ತೊಡಕು. ಡೀಲ್ಸ್‌ ಆಲ್ಡರ್ ಬಂಧಕ್ಕೆ ಬೇಕಾದ ಶಾಖವು ನೀರು ಕುದಿಯುವ ಶಾಖಕ್ಕಿಂತ ಹೆಚ್ಚಿನದು. ನೀರು ತುಂಬಿದ ಹೊಂಡದಲ್ಲಿ ಅದನ್ನು ಒದಗಿಸಲಾಗದು. ಶಾಖವಿಲ್ಲದೆ ಕೂಡುವ ಜಲಜನಕ ಬಂಧಗಳಾದರೋ ನೀರಿನ ಸಂಪರ್ಕದಿಂದ ಸಡಿಲವಾಗುತ್ತವೆ.

ಮೂರನೆಯದು, ಜಗ್ಗುವ ಸ್ವಭಾವ. ಸುಲಭವಾಗಿ ಬಿಚ್ಚುವ ಗಂಟು ಭಾರವನ್ನು ಹೊತ್ತಾಗಲೂ ಸ್ವಲ್ಪಸ್ವಲ್ಪವಾಗಿ ಸರಿಯುವುದು. ಬಹುಕಾಲ ಒಂದೇ ಸಮನೆ ಭಾರವನ್ನು ಹೊರಬೇಕಾದ ಕಡೆಯಲ್ಲಿ ಇದು ದೋಷವು. ಸುಲಭವಾಗಿ ಕೂಡುವುದಕ್ಕೂ ಭಾರಕ್ಕೆ ಜಗ್ಗದಿರುವುದಕ್ಕೂ ಹೊಂದಾಣಿಕೆಯನ್ನು ತರುವುದೇ ಶಾಸ್ತ್ರಜ್ಞರ ಮುಂದಿರುವ ಕಷ್ಟವಾದ ಕೆಲಸವು.

ನಾಲ್ಕನೆಯದು, ಕಳೆದುಹೋದ ಭಾಗವು ಬೆಳೆಯುವುದಿಲ್ಲ. ಇಲಿಯು ಕಡಿದು ತಿಂದು ಅಂಗೈಯಗಲದ ತುಂಡೇ ಇಲ್ಲದಿದ್ದರೆ ಕೂಡಿಸಲು ತುಟಿಗಳೇ ಇರುವುದಿಲ್ಲ. ಅಲ್ಲಿಗೆ ತೇಪೆಯೇ ಗತಿ.

ಈ ಕಾರಣಗಳಿಂದ, ತಾನೇ ಕೂಡುವ ಪಾಲಿಮರುಗಳು ಮೊದಲು ಬಳಕೆಗೆ ಬಂದುದು ಸಣ್ಣ ಗೀರುಗಳು ಮಾತ್ರ ಬೀಳುವ ಕಡೆಯಲ್ಲಿ. ಉದಾಹರಣೆಗೆ, ಮೋಟಾರು ಕಾರುಗಳ ಬಣ್ಣದ ಮೇಲೆ ಬಳಿಯುವ, ನವುರಾದ ಗೀರುಗಳನ್ನು ಕೆಲವು ದಿವಸಗಳಲ್ಲಿ ಮರೆಮಾಡುವ ಲೇಪವನ್ನು ಜಪಾನಿನ ನಿಸಾನ್ ಕಂಪೆನಿಯು ೨೦೦೫ರಲ್ಲಿ ಪ್ರಕಟಿಸಿತು. ಹೊಂಡದ ಹಾಳೆಯು ಎದುರಿಸಬೇಕಾದ ಗೊರಸು, ಕಲ್ಲು, ಬಿಸಿಲುಗಳು ಆ ಲೇಪಕ್ಕೆ ಇರುವ ಪರೀಕ್ಷೆಗಿಂತ ಬಹಳ ಕಠಿಣವಾದವು.

೭. ಈಗ ಅನುಸರಿಸತಕ್ಕ ಕ್ರಮಗಳು

ಈ ಶಾಸ್ತ್ರದಿಂದ ಇಂದೇ ದೊರೆಯುವ ಲಾಭವು ಹೊಸ ಸಾಮಾನಲ್ಲ, ಇರುವ ಸಾಮಾನಿನ ಜಾತಿಯನ್ನು ಗುರುತಿಸುವ ತಿಳಿವಳಿಕೆಯು. ಜಾತಿಯನ್ನು ತಿಳಿದರೆ ದುರಸ್ತಿಯು ತಿಳಿಯುವುದು.

(ಅ) ಪಾಲಿಥೀನ್ ಹಾಳೆಯು ಹಸಿಮಣ್ಣಿನ ಜಾತಿಯಾದುದರಿಂದ ಶಾಖದಿಂದ ಬೆಸೆಯತಕ್ಕುದು. ಬೆಸೆಯುವ ಸ್ಥಳವನ್ನು ತೊಳೆದು ಪೂರ್ತಿಯಾಗಿ ಒಣಗಿಸಿ, ಅದೇ ಜಾತಿಯ ತೇಪೆಯನ್ನು ತೂತಿಗಿಂತ ನಾಲ್ಕೂ ಕಡೆ ಅಗಲವಾಗಿ ಇಟ್ಟು, ಬಿಸಿಗಾಳಿಯ ಯಂತ್ರವುಳ್ಳವರಿಂದ ಒತ್ತಿ ಬೆಸೆಯಿಸಬೇಕು. ಧೂಳಾಗಲಿ ಹಸಿಯಾಗಲಿ ನಡುವೆ ಉಳಿದರೆ, ಸಂದು ಉಳಿದ ಕಸಿಯಂತೆ, ಹಿಡಿಯುವುದಿಲ್ಲ. ಪಾಲಿಥೀನಿಗೆ ಸಾಧಾರಣವಾದ ಅಂಟುಗಳು ಹಿಡಿಯುವುದು ಅಪರೂಪ.

(ಆ) ರಬ್ಬರಿನ ಕೊಳವೆ, ಟ್ಯೂಬು ಮೊದಲಾದುವು ಸುಟ್ಟ ಮಡಕೆಯ ಜಾತಿಯವು. ಇವುಗಳನ್ನು ಕಾಯಿಸಿ ಕೂಡಿಸಲು ಯತ್ನಿಸಬಾರದು. ಉಜ್ಜಿ ತರಿಯಾಗಿಸಿ ರಬ್ಬರು ಸೊಲ್ಯೂಷನ್ನಿನಿಂದ ತೇಪೆ ಹಾಕತಕ್ಕುದು.

(ಇ) ಪಿವಿಸಿ ಕೊಳವೆಗಳನ್ನು ಅವುಗಳಿಗೆ ನೇಮಕವಾದ ದ್ರಾವಣದಿಂದಲೇ ಕೂಡಿಸತಕ್ಕುದು. ಪಿವಿಸಿಯನ್ನು ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯು ಎದ್ದು ಶ್ವಾಸಕೋಶಕ್ಕೆ ಅಪಾಯವಾಗುವುದು.

(ಈ) ಪಂಪಿನ ತಂತಿಗೆ ಸ್ಲೀವನ್ನು ಹಾಕುವಾಗ, ತಂತಿಗಳನ್ನು ಜೋಡಿಸುವುದಕ್ಕೆ ಮುಂಚೆಯೇ ಅದನ್ನು ತೂರಿಸಿಡಬೇಕು. ಒಳಮುಖದಲ್ಲಿ ಅಂಟುಳ್ಳ ಸ್ಲೀವೇ ನೀರೊಳಗಿನ ಕೆಲಸಕ್ಕೆ ಯೋಗ್ಯವು. ನಡುವಿನಿಂದ ಎರಡು ಕೊನೆಗಳ ಕಡೆಗೆ ಕಾಯಿಸುತ್ತ ಹೋದರೆ ಒಳಗಿನ ಗಾಳಿಯು ಹೊರಹೊರಡುವುದು. ಅದು ತನ್ನ ಹಳೆಯ ಅಳತೆಗಿಂತ ಕೆಳಗೆ ಕುಗ್ಗಲಾರದಾದುದರಿಂದ, ತಂತಿಯ ದಪ್ಪಕ್ಕೆ ತಕ್ಕ ಅಳತೆಯದನ್ನೇ ಆರಿಸಬೇಕು.

(ಉ) ಲಡ್ಡಾದ ಹಾಳೆಯನ್ನು ಹೊಲದಲ್ಲಿ ಉಳುಮೆ ಮಾಡಿ ಮುಚ್ಚುವುದೂ ಬದುವಿನಲ್ಲಿ ಸುಡುವುದೂ ಕೂಡದು. ಮಣ್ಣಿನಲ್ಲಿ ಅದು ಚೂರಾಗುವುದೇ ಹೊರತು ಗೊಬ್ಬರದಂತೆ ಕೊಳೆಯುವುದಿಲ್ಲ. ಪಾಲಿಥೀನ್ ಕರಗಿ ಪುನಃ ರೂಪಗೊಳ್ಳುವ ಜಾತಿಯಾದುದರಿಂದ, ಒಂದೆಡೆ ಕೂಡಿಹಾಕಿ ಮರುಬಳಕೆಯವರಿಗೆ ಕೊಡಬಹುದು. ಒಬ್ಬೊಬ್ಬರ ತುಂಡು ಸಾಗಣೆಗೆ ಸಾಲದು. ಊರೆಲ್ಲರದು ಸೇರಿದರೆ ಸಾಗುವುದು. ಇದು ಗ್ರಾಮಪಂಚಾಯತಿಯ ಮುಂದಾಳುಗಳು ವಹಿಸತಕ್ಕ ಕೆಲಸವು.

(ಊ) ತಾನೇ ಕೂಡುವುದೆಂದು ಹೇಳಿ ಯಾವ ಹಾಳೆಯನ್ನಾಗಲಿ ಕೊಳವೆಯನ್ನಾಗಲಿ ಬಣ್ಣವನ್ನಾಗಲಿ ಮಾರಬಂದವರನ್ನು ಐದು ಪ್ರಶ್ನೆಗಳಿಂದ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯತಕ್ಕುದು: ಎಷ್ಟು ಶಾಖದಲ್ಲಿ ಕೂಡುವುದು? ಎಷ್ಟು ಹೊತ್ತು ಬೇಕು? ಒಂದೇ ಸ್ಥಳದಲ್ಲಿ ಎಷ್ಟು ಸಾರಿ ಕೂಡುವುದು? ಕೂಡಿದ ಮೇಲೆ ಮೊದಲಿನ ಬಲದಲ್ಲಿ ಎಷ್ಟು ಪಾಲು ಬರುವುದು? ನೀರಿನಲ್ಲಿಯೂ ಬಿಸಿಲಿನಲ್ಲಿಯೂ ಪರೀಕ್ಷೆಯಾಗಿದೆಯೇ? ಇವುಗಳಿಗೆ ಉತ್ತರವಿಲ್ಲದವರ ಸಾಮಾನಿಗೆ ಹೆಚ್ಚಿನ ಬೆಲೆಯನ್ನು ಕೊಡಬೇಕಾದ ಕಾರಣವಿಲ್ಲ.

ಮುಕ್ತಾಯ

ಮೊಳೆಯ ಬದಲು ಗಂಟನ್ನಿಟ್ಟು ಬಲವನ್ನೂ ದುರಸ್ತಿಯನ್ನೂ ಒಟ್ಟಿಗೆ ಪಡೆಯಬಹುದೆಂಬುದನ್ನು ಶಾಸ್ತ್ರವು ತೋರಿಸಿಕೊಟ್ಟಿದೆ. ಈ ತತ್ತ್ವವು ಹೊಲದ ಬೆಲೆಗೆ ಇಳಿದು, ಹೊಲದ ಬಿಸಿಲನ್ನು ತಡೆದು ನಿಲ್ಲುವ ದಿವಸವು ಬಂದರೆ ಬೇಸಾಯಗಾರನ ಎಷ್ಟೋ ನಷ್ಟವು ತಪ್ಪುವುದು. ಹಿತ್ತಲಿನ ಟೈರಿನ ರಾಶಿಯೂ ಕರಗೀತು. ಅಷ್ಟರವರೆಗೆ ಹಾಳೆಯನ್ನು ಕೂಡಿಸತಕ್ಕವರು ಮನುಷ್ಯರೇ. ಬೇಸಗೆಯ ಕೊನೆಯಲ್ಲಿ ಹೊಂಡವು ಬರಿದಾಗಿರುವಾಗ, ಮುಂಗಾರಿಗೆ ಒಂದು ತಿಂಗಳು ಮುಂಚಿತವಾಗಿ, ಪ್ರತಿಯೊಬ್ಬ ಹಿಡುವಳಿದಾರನೂ ಬರಿಗಾಲಿನಲ್ಲಿ ಹೊಂಡಕ್ಕಿಳಿದು ಹಾಳೆಯನ್ನು ಮೊಳಮೊಳವಾಗಿ ನೋಡಿ, ಹರಿದ ಕಡೆಗಳಿಗೆ ಸುಣ್ಣದ ಗುರುತನ್ನಿಟ್ಟು, ಗ್ರಾಮದ ಹಿರಿಯರು ಬೆಸೆಯುವವನೊಬ್ಬನನ್ನು ಊರಿಗೆಲ್ಲ ಸೇರಿ ಒಂದೇ ಸಾರಿ ಕರೆಯಿಸಿದರೆ, ಖರ್ಚು ಸ್ವಲ್ಪವಾಗುವುದು. ಮೊದಲ ಮಳೆಯ ನೀರು ಹೊಂಡದಲ್ಲಿಯೇ ನಿಲ್ಲುವುದು.